ದಪ್ಪ ಗೆರೆ, ಸಣ್ಣ ಗೆರೆ, ಓರೆ ಅಕ್ಷರ

ಕೆಲವು ವರ್ಷಗಳ ಹಿಂದೆ ನಮ್ಮ ವಾಚನಾಲಯದ ಬಾಗಿಲಿಗೆ ಉಚಿತ ಕಣ್ಣು ಪರೀಕ್ಷೆಯ ಪ್ರಕಟಣೆಯೊಂದನ್ನು ಅಂಟಿಸಿದ್ದೆವು. ಅದನ್ನು ಸಿದ್ಧಪಡಿಸಿದವನು ನಾನೇ. ಲಗ್ನಪತ್ರಿಕೆಗಳಲ್ಲಿ ಕಾಣುವಂಥ ಬಳುಕುವ ಓರೆ ಇಂಗ್ಲಿಷ್ ಅಕ್ಷರ ಕಣ್ಣಿಗೆ ಚೆಂದ ಕಂಡಿತು. ಸ್ಥಳ, ದಿನ, ವೇಳೆ ಎಲ್ಲವನ್ನೂ ಅದರಲ್ಲಿಯೇ ಹಾಕಿಸಿದೆ. ಜೆರಾಕ್ಸ್ ತೆಗೆಸಿದಾಗ ಸಣ್ಣ ಗೆರೆಗಳು ಮಾಯವಾಗಿ, ದಪ್ಪ ಗೆರೆಗಳು ಮಾತ್ರ ಬೇಲಿಯ ಗೂಟಗಳಂತೆ ಉಳಿದವು. ಕಣ್ಣು ಮಂಜಾಗಿದ್ದ ಹಿರಿಯರೊಬ್ಬರು ಅದರ ಮುಂದೆ ನಿಂತು, “ಯಾರ ಮದುವೆಯಪ್ಪಾ ಇದು?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಹೊರಟುಹೋದರು. ಯಾರಿಗಾಗಿ ಶಿಬಿರ ನಡೆಯಿತೋ ಅವರಿಗೇ ಅದು ತಪ್ಪಿತು. ಆ ತಪ್ಪಿಗೆ ಪ್ರಾಯಶ್ಚಿತ್ತವಾಗಿ ಈ ನಾಲ್ಕು ಮಾತು.

ಈ ಅಕ್ಷರಕ್ಕೆ ಮೂರು ಲಕ್ಷಣಗಳುಂಟು. ಒಂದು, ಅದು ಬಲಕ್ಕೆ ವಾಲಿರುತ್ತದೆ. ಎರಡು, ಗೆರೆಯ ತುದಿಗಳಲ್ಲಿ ‘ಸೆರಿಫ್’ ಎಂಬ ಚಿಕ್ಕ ಅಡ್ಡಗೆರೆ ಅಥವಾ ಕೊಕ್ಕೆ ಇರುತ್ತದೆ. ಮೂರು, ದಪ್ಪ ಗೆರೆಗೂ ಸಣ್ಣ ಗೆರೆಗೂ ಅಜಗಜಾಂತರ: ಒಂದು ಕಂಬದಂತೆ, ಇನ್ನೊಂದು ಕೂದಲಿನಂತೆ. ನೆಟ್ಟಗಿನ ಅಕ್ಷರವನ್ನು ಸುಮ್ಮನೆ ವಾಲಿಸಿದರೆ ನಿಜವಾದ ಇಟಾಲಿಕ್ ಆಗುವುದಿಲ್ಲ. ಅದು ಕೈಬರಹದಿಂದ ಹುಟ್ಟಿದ ಬೇರೆಯೇ ರೂಪ. ಅದರಲ್ಲಿ ಸಣ್ಣ ‘ಎ’ ಅಕ್ಷರದ ಮೇಲಿನ ಕೊಕ್ಕೆ ಹೋಗಿ, ನಾವು ಕೈಯಲ್ಲಿ ಬರೆಯುವಂತೆ ಒಂದೇ ಸುತ್ತಾಗುತ್ತದೆ.

ಹೆಸರೇ ಹೇಳುವಂತೆ ಇದರ ತವರು ಇಟಲಿ. ವೆನಿಸ್ ನಗರದ ಆಲ್ಡಸ್ ಮನುಷಿಯಸ್ ಎಂಬ ಮುದ್ರಕನು ೧೫೦೧ರಲ್ಲಿ ವರ್ಜಿಲ್ ಕವಿಯ ಕೃತಿಯನ್ನು ಕೈಯಲ್ಲಿ ಹಿಡಿದು ಓದುವಷ್ಟು ಚಿಕ್ಕ ಗಾತ್ರದಲ್ಲಿ, ಪೂರ್ತಿ ಓರೆ ಅಕ್ಷರದಲ್ಲಿಯೇ ಅಚ್ಚು ಮಾಡಿಸಿದನು. ಮೊಳೆ ಕೊರೆದವನು ಫ್ರಾನ್ಸೆಸ್ಕೊ ಗ್ರಿಫೊ. ಆಗ ದಪ್ಪ–ಸಣ್ಣಗಳ ಅಂತರ ಅಷ್ಟಾಗಿ ಇರಲಿಲ್ಲ. ಆಮೇಲೆ ಮೊನಚು ಲೇಖನಿ ಬಂದಿತು. ಅದನ್ನು ಒತ್ತಿದರೆ ಗೆರೆ ದಪ್ಪ, ತೇಲಿಸಿದರೆ ಸಣ್ಣ. ತಾಮ್ರದ ತಗಡಿನ ಮೇಲೆ ಕೊರೆಯುವವರೂ ಅಂಥದೇ ಗೆರೆಗಳನ್ನು ಎಳೆದರು. ಅಚ್ಚಿನ ಮೊಳೆಗೆ ಅದು ಬರಬೇಕಾದರೆ ನುಣುಪಾದ ಕಾಗದ ಬೇಕಾಗಿತ್ತು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಬಾಸ್ಕರ್‌ವಿಲ್ ೧೭೫೭ರ ತನ್ನ ವರ್ಜಿಲ್ ಮುದ್ರಣದಲ್ಲಿ ಅಂಥ ಕಾಗದವನ್ನು ಬಳಸಿದನು. ಆ ಶತಮಾನದ ಕೊನೆಗೆ ಪ್ಯಾರಿಸಿನ ದಿದೊ ಮನೆತನದವರೂ ಪಾರ್ಮಾ ನಗರದ ಬೊದೋನಿಯೂ ಈ ಅಂತರವನ್ನು ತುತ್ತತುದಿಗೆ ಒಯ್ದರು. ಬೊದೋನಿ ೧೮೧೩ರಲ್ಲಿ ತೀರಿಕೊಂಡನು. ಆತನ ಅಕ್ಷರಗಳ ಮಾದರಿ ಗ್ರಂಥವನ್ನು ಹೆಂಡತಿ ೧೮೧೮ರಲ್ಲಿ ಎರಡು ಸಂಪುಟಗಳಲ್ಲಿ ಹೊರತಂದಳು.

ಇದು ಶೋಭಿಸುವುದು ದೊಡ್ಡ ಗಾತ್ರದಲ್ಲಿ. ಪುಸ್ತಕದ ಹೆಸರು, ಲಗ್ನಪತ್ರಿಕೆ, ಅತ್ತರಿನ ಸೀಸೆ, ಒಡವೆ ಅಂಗಡಿಯ ಫಲಕ ಇವೆಲ್ಲ ಅದರ ಸ್ಥಾನಗಳು. ‘ವೋಗ್’ ಎಂಬ ಉಡುಪಿನ ಪತ್ರಿಕೆಯ ಹೆಸರೂ ಇದೇ ವಂಶದ ನೆಟ್ಟಗಿನ ಅಕ್ಷರದಲ್ಲಿದೆ. ಸೀಸದ ಮೊಳೆಗಳ ಕಾಲದಲ್ಲಿ ಓರೆ ಅಕ್ಷರದ ತುದಿಯು ಮೊಳೆಯ ಅಂಚಿನಿಂದ ಹೊರಕ್ಕೆ ಚಾಚಿಕೊಂಡು, ಬೇಗ ಮುರಿಯುತ್ತಿತ್ತು. ಈಗ ಮುರಿಯುವ ಭಯವಿಲ್ಲ. ಆದರೆ ಜೆರಾಕ್ಸಿನಲ್ಲಿ, ಕಳಪೆ ಕಾಗದದಲ್ಲಿ, ಸಣ್ಣ ಗಾತ್ರದಲ್ಲಿ ಅಳಿದುಹೋಗುವ ಭಯ ಹಾಗೆಯೇ ಇದೆ.

ನಮ್ಮ ಕನ್ನಡದ ಮಾತೇನು? ಕನ್ನಡದ ಅಚ್ಚಿಗೂ ಈ ಬಂಗಾಳಕ್ಕೂ ಹಳೆಯ ನಂಟುಂಟು. ಹೂಗ್ಲಿ ನದಿಯ ಆಚೆ ದಂಡೆಯ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ೧೮೧೭ರಲ್ಲಿ ಅಚ್ಚಾಯಿತು. ಕನ್ನಡ ಮೊಳೆ ಕಂಡ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಹೌರಾದಿಂದ ಲೋಕಲ್ ರೈಲು ಹತ್ತಿದರೆ ಆ ಊರನ್ನು ನೋಡಿ ಸಂಜೆಗೆ ಹಿಂತಿರುಗಬಹುದು. ಆದರೆ ಇಂಗ್ಲಿಷಿನಂತೆ ಕೈಬರಹದಿಂದ ಬೆಳೆದ ಓರೆ ಅಕ್ಷರದ ಪರಂಪರೆ ನಮ್ಮ ಅಚ್ಚಿನಲ್ಲಿ ಬೇರೂರಲಿಲ್ಲ. ಇಂದು ಕಂಪ್ಯೂಟರಿನಲ್ಲಿ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಅದೇ ಗುಂಡನೆಯ ಅಕ್ಷರ ಪಕ್ಕಕ್ಕೆ ವಾಲುತ್ತದೆ, ಅಷ್ಟೇ. ಅದಲ್ಲದೆ ನಮ್ಮಲ್ಲಿ ‘ಪ’ಕಾರಕ್ಕೂ ‘ಷ’ಕಾರಕ್ಕೂ, ‘ದ’ಕಾರಕ್ಕೂ ‘ಧ’ಕಾರಕ್ಕೂ ಇರುವ ಭೇದ ಒಂದು ಪುಟ್ಟ ಗೆರೆ. ಅದು ಅಳಿದರೆ ‘ಧನ’ವು ‘ದನ’ವಾಗುತ್ತದೆ! ಚಂದಾ ಹಣದ ರಸೀದಿಯಲ್ಲಿ ಇದು ನಗುವ ವಿಷಯವಲ್ಲ.

ಆದುದರಿಂದ ಕರಪತ್ರವನ್ನೋ ಆಮಂತ್ರಣವನ್ನೋ ಮಾಡಿಸುವ ಬಂಧುಗಳು ಮೂರು ಮಾತು ನೆನಪಿಡಬೇಕು. ಓರೆಯ ಬೆಡಗು ತಲೆಬರಹದ ಒಂದು ಸಾಲಿಗೆ ಸಾಕು. ದಿನ, ವೇಳೆ, ವಿಳಾಸ, ಫೋನ್ ಅಂಕಿಗಳು ನೆಟ್ಟಗಿನ, ಸಮದಪ್ಪದ ಅಕ್ಷರದಲ್ಲಿರಲಿ. ಅಚ್ಚಿಗೆ ಕೊಡುವ ಮೊದಲು ಒಂದು ಪ್ರತಿ ಜೆರಾಕ್ಸ್ ತೆಗೆಸಿ, ನಾಲ್ಕು ಹೆಜ್ಜೆ ದೂರದಿಂದ ಮನೆಯ ಹಿರಿಯರಲ್ಲೊಬ್ಬರಿಂದ ಓದಿಸಿ.

ಇಲ್ಲಿಯೇ ಅಲಿಪುರದ ಬೆಲ್ವೆಡಿಯರ್ ಆವರಣದಲ್ಲಿ ೧೯೫೩ರಲ್ಲಿ ಸಾರ್ವಜನಿಕರಿಗೆ ತೆರೆದ ರಾಷ್ಟ್ರೀಯ ಗ್ರಂಥಾಲಯವಿದೆ. ರಜೆಯ ದಿನವೊಂದನ್ನು ಬಿಡುವು ಮಾಡಿಕೊಂಡು ಹಳೆಯ ಪುಸ್ತಕಗಳ ಮೊದಲ ಪುಟಗಳನ್ನು ನೋಡಿ. ಬೆಡಗು ಎಲ್ಲಿ ನಿಲ್ಲಬೇಕು, ಓದು ಎಲ್ಲಿ ಆರಂಭವಾಗಬೇಕು ಎಂಬುದನ್ನು ಒಳ್ಳೆಯ ಮುದ್ರಕರು ಅಲ್ಲಿ ತೋರಿಸಿಕೊಟ್ಟಿದ್ದಾರೆ. ನಮ್ಮ ಬಾಗಿಲಿನ ಪ್ರಕಟಣೆಗಳನ್ನು ಈಗ ನೆಟ್ಟಗಿನ ಅಕ್ಷರದಲ್ಲಿಯೇ ಹಾಕುತ್ತಿದ್ದೇವೆ. ಓದಲು ಕಷ್ಟವಾದರೆ ದಯವಿಟ್ಟು ಒಳಗೆ ಬಂದು ಹೇಳಿ.