ಮಹಡಿಯ ನೆರಳು, ಅಂಗಳದ ಬಿಸಿಲು

ಅಡಿಕೆ ಕೊಯ್ಲಿನ ದಿನಗಳಲ್ಲಿ ಸುಳ್ಯ ತಾಲೂಕಿನ ಅಜ್ಜಾವರದಂತಹ ಊರುಗಳಲ್ಲಿ ಅಂಗಳಕ್ಕಿರುವ ಬೆಲೆ ಒಳಕೋಣೆಗೂ ಇಲ್ಲ. ಚಾಲಿ ಅಡಿಕೆ ಒಣಗಲು ಸುಮಾರು 40 ದಿನಗಳ ಬಿಸಿಲು ಬೇಕು. ಅಷ್ಟರಲ್ಲಿ ಪಕ್ಕದ ಮನೆಯ ಮೇಲೆ ಮಹಡಿ ಎದ್ದರೆ? "ನಮ್ಮ ಜಾಗ, ನಾವು ಕಟ್ಟುತ್ತೇವೆ" ಎಂದು ಅವರು. "ನಮ್ಮ ಬಿಸಿಲು ಹೋಯಿತಲ್ಲ" ಎಂದು ಇವರು. ಒಂದೇ ಪಂಕ್ತಿಯಲ್ಲಿ ಉಂಡವರು ಮಾತು ಬಿಡಲು ಇಷ್ಟೇ ಸಾಕು.

ಹಿಂದೆ ತೋಟಕ್ಕೊಂದು ಮನೆಯಿತ್ತು. ನೆರೆಮನೆಗೆ ಕೂಗಿದರೆ ಕೇಳಿಸುವಷ್ಟು ದೂರ. ಈಗ ಪಾಲಾದ ಜಾಗದಲ್ಲಿ, ರಸ್ತೆ ಬದಿಯ ಐದು-ಹತ್ತು ಸೆಂಟ್ಸ್ ನಿವೇಶನಗಳಲ್ಲಿ ಗೋಡೆಗಳು ಹತ್ತಿರವಾಗಿವೆ. ಹೊಸ ಕಿಟಕಿ ನೆರೆಯವರ ಬಾವಿಕಟ್ಟೆಗೋ ಬಚ್ಚಲಿಗೋ ಮುಖ ಮಾಡಿದರೆ ಜಗಳ ಇನ್ನೂ ಬಿಗಿಯಾಗುತ್ತದೆ.

ನೆರಳಿನ ಲೆಕ್ಕ

ಸುಳ್ಯ ಸೀಮೆ ಸುಮಾರು ಹನ್ನೆರಡೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್ 22ರ ಸುಮಾರಿಗೆ ನಡುಹಗಲಲ್ಲಿ ಸೂರ್ಯ ದಕ್ಷಿಣದ ಆಕಾಶದಲ್ಲಿ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗ 6 ಮೀಟರ್ ಎತ್ತರದ ಕಟ್ಟಡದ ನೆರಳು ಉತ್ತರಕ್ಕೆ ಸುಮಾರು 4.4 ಮೀಟರ್ ಚಾಚುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಅದೇ ನೆರಳು ವಾಯವ್ಯದ ಕಡೆಗೆ 9 ಮೀಟರ್ ದಾಟುತ್ತದೆ. ಜೂನ್ ತಿಂಗಳಲ್ಲಾದರೋ ನಡುಹಗಲಿನ ನೆರಳು ದಕ್ಷಿಣಕ್ಕೆ ಕೇವಲ ಒಂದು ಮೀಟರ್ ಚಿಲ್ಲರೆ. ಅಂದರೆ ಬಿಸಿಲು ಅತ್ಯಗತ್ಯವಾದ ಕಾಲದಲ್ಲೇ ನೆರಳು ಉದ್ದ.

ಇಪ್ಪತ್ತು ವರ್ಷದ ಕಿಟಕಿ

ಕಾನೂನು ಏನು ಹೇಳುತ್ತದೆ? 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆ ಮೊದಲಿಗೆ ಅನ್ವಯವಾದ ಪ್ರದೇಶಗಳಲ್ಲಿ ಮದ್ರಾಸು ಪ್ರಾಂತವೂ ಒಂದು. ಅಂದಿನ ದಕ್ಷಿಣ ಕನ್ನಡ ಅದರಲ್ಲೇ ಸೇರಿತ್ತು. ಕಾಯ್ದೆಯ 15ನೇ ಕಲಮಿನಂತೆ, ಒಂದು ಮನೆಗೆ ಗಾಳಿ-ಬೆಳಕು 20 ವರ್ಷ ತಡೆಯಿಲ್ಲದೆ, ತಂಟೆ-ತಕರಾರಿಲ್ಲದೆ ಬರುತ್ತಿದ್ದರೆ ಅದು ಹಕ್ಕಾಗುತ್ತದೆ. ಆದರೆ 17ನೇ ಕಲಮು ಒಂದು ಗೆರೆ ಎಳೆದಿದೆ: ತೆರೆದ ಜಾಗಕ್ಕೆ ಬೀಳುವ ಬೆಳಕಿನ ಮೇಲೆ, ಎಷ್ಟು ವರ್ಷ ಅನುಭವಿಸಿದರೂ, ಈ ಬಗೆಯ ಹಕ್ಕು ಹುಟ್ಟುವುದಿಲ್ಲ. ಕಿಟಕಿಗೆ ಸಿಗುವ ರಕ್ಷಣೆ ಅಡಿಕೆಯ ಅಂಗಳಕ್ಕಿಲ್ಲ!

ಕಣ್ಣಿಗೆ ಹಿತವಾದ ನೋಟದ ಕತೆಯೂ ಅಷ್ಟೇ. ಅದು ಸಂತೋಷದ ವಿಷಯ, ಅಗತ್ಯದ್ದಲ್ಲ ಎಂದು ಇಂಗ್ಲೆಂಡಿನ ನ್ಯಾಯಾಲಯ 1610ರಲ್ಲೇ ಹೇಳಿತ್ತು.

ಮನೆಯ ಮರೆಯ ವಿಚಾರ ಬೇರೆ. ಊರಿನ ರೂಢಿ ರುಜುವಾತಾದರೆ, ನೆರೆಮನೆಯ ಮರೆಯ ಭಾಗಗಳು ಕಾಣುವಂತೆ ಹೊಸ ಕಿಟಕಿ ತೆರೆಯುವುದನ್ನು 18ನೇ ಕಲಮಿನಡಿ ತಡೆಯಬಹುದು. ಅಲಹಾಬಾದ್ ಹೈಕೋರ್ಟ್ 1888ರಲ್ಲಿ ಇಂತಹ ರೂಢಿಯನ್ನು ಮಾನ್ಯ ಮಾಡಿತ್ತು. ಲಂಡನ್ನಿನ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ವೀಕ್ಷಣಾ ಮಹಡಿಯಿಂದ ಜನ ಎದುರಿನ ಗಾಜಿನ ಮನೆಗಳೊಳಗೆ ಇಣುಕುತ್ತಿದ್ದರು. ಅದು ನೆರೆಯವರಿಗೆ ಉಪದ್ರವವೇ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟು 2023ರಲ್ಲಿ, ಐವರಲ್ಲಿ ಮೂವರ ಬಹುಮತದಿಂದ ತೀರ್ಪಿತ್ತಿತು.

ಮೊದಲು ಮಾತು, ಆಮೇಲೆ ಕಲ್ಲು

ಕರ್ನಾಟಕದಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಹಳ್ಳಿಯಲ್ಲಿ ಮನೆ ಕಟ್ಟಲು, ಮಾರ್ಪಡಿಸಲು ಗ್ರಾಮ ಪಂಚಾಯತಿನ ಲಿಖಿತ ಅನುಮತಿ ಬೇಕು. ಆದರೆ ಅನುಮತಿ ಸಿಕ್ಕಿದ ಮಾತ್ರಕ್ಕೆ ನೆರೆಯವರ ಹಕ್ಕು ಅಳಿಯದು. ವ್ಯಾಜ್ಯ ಬೆಳೆದರೆ ಲೋಕ ಅದಾಲತ್ತಿನಲ್ಲಿ ರಾಜಿಗೂ ಅವಕಾಶವಿದೆ. ಅಲ್ಲಿಯ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ.

ಆದರೆ ಅಂಗಳದ ಬಿಸಿಲನ್ನು ಉಳಿಸಬೇಕಾದುದು ನೆರೆಹೊರೆಯ ಮಾತುಕತೆಯೇ. ಅದಕ್ಕೆ ವಿಜ್ಞಾನ ನೆರವಾಗಬಲ್ಲದು. ನೆರೆಯ ಅಂಗಳ ಉತ್ತರಕ್ಕಿದೆ, ಕೆಳಮನೆಯ ತಾರಸಿ 3 ಮೀಟರ್ ಎತ್ತರವಿದೆ ಎನ್ನೋಣ. ಅದರ ಮೇಲಿನ 3 ಮೀಟರಿನ ಕೋಣೆಯನ್ನು ಆ ಬದಿಯಿಂದ ಎರಡೂಕಾಲು ಮೀಟರ್ ಹಿಂದಕ್ಕೆ ಸರಿಸಿ ಕಟ್ಟಿದರೆ, ಡಿಸೆಂಬರಿನ ನಡುಹಗಲಲ್ಲೂ ಅದರ ನೆರಳು ಹಳೆಯ ಮನೆಯ ನೆರಳನ್ನು ಮೀರುವುದಿಲ್ಲ. ಬಾವಿಯ ಕಡೆಯ ಕಿಟಕಿಯನ್ನು ತಲೆಮಟ್ಟಕ್ಕಿಂತ ಎತ್ತರದಲ್ಲಿಟ್ಟರೆ ಬೆಳಕೂ ಬರುತ್ತದೆ, ಮರೆಯೂ ಉಳಿಯುತ್ತದೆ.

ವಿದ್ಯಾರ್ಥಿಗಳು ಇದನ್ನು ಮಾಡಿ ನೋಡಬಹುದು. ಡಿಸೆಂಬರ್ ರಜೆಯಲ್ಲಿ ಒಂದು ಮೀಟರಿನ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ, ಗಂಟೆಗೊಮ್ಮೆ ನೆರಳಿನ ತುದಿಗೆ ಗುರುತು ಹಾಕಿರಿ. ಆ ಉದ್ದವನ್ನು ಕಟ್ಟಡದ ಎತ್ತರದಿಂದ ಗುಣಿಸಿದರೆ ನೆರಳು ಎಲ್ಲಿಗೆ ಮುಟ್ಟುತ್ತದೆಂದು ತಿಳಿಯುತ್ತದೆ. ಮುರಕಲ್ಲು ಬಂದಿಳಿಯುವ ಮೊದಲೇ ಆ ಹಾಳೆಯನ್ನು ಎರಡೂ ಮನೆಯ ಹಿರಿಯರ ಮುಂದಿಟ್ಟರೆ, ಕೋರ್ಟಿನ ಮೆಟ್ಟಲು ಹತ್ತುವ ಖರ್ಚು ಉಳಿದೀತು.