ನಿಮಗಿದು ಗೊತ್ತೆ? ಎಳೆದರೆ ಸಾಲದು, ಹೊರಲೂಬೇಕು
ಅಮೆರಿಕದಲ್ಲಿ ಮನೆಯಂಥ ‘ಫಿಫ್ತ್ ವೀಲ್’ ಟ್ರೇಲರನ್ನು ಪಿಕಪ್ ಟ್ರಕ್ಕಿಗೆ ಕಟ್ಟಿಕೊಂಡು ಊರೂರು ಸುತ್ತುವವರು ಬಹಳ. ಇದರ ಕೊಂಡಿ ಕೂರುವುದು ಬಂಪರಿನ ಹಿಂದಲ್ಲ. ಟ್ರಕ್ಕಿನ ತೊಟ್ಟಿಯೊಳಗೆ, ಹೆಚ್ಚುಕಡಿಮೆ ಹಿಂದಿನ ಆಕ್ಸಲ್‌ನ ನೇರಕ್ಕೆ. ಹಾಗಾಗಿ ಓಲಾಟ ಕಡಿಮೆ. ಆದರೆ ಟ್ರೇಲರಿನ ತೂಕದ ಸುಮಾರು ಶೇ 15ರಿಂದ 25ರಷ್ಟು ಟ್ರಕ್ಕಿನ ಬೆನ್ನಿಗೇ ಬೀಳುತ್ತದೆ. 3,600 ಕೆ.ಜಿ. ಟ್ರೇಲರ್ ಎಂದರೆ, ಶೇ 20ರ ಲೆಕ್ಕದಲ್ಲಿ 720 ಕೆ.ಜಿ.! ಫೋರ್ಡ್ ಎಫ್-150ಯಂಥ ‘ಹಾಫ್ ಟನ್’ ವರ್ಗದ ಟ್ರಕ್ಕುಗಳಲ್ಲಿ ಹಲವು ಆ ಟ್ರೇಲರನ್ನು ಎಳೆದಾವು, ಈ 720 ಕೆ.ಜಿ. ಹೊರುವುದೇ ಕಷ್ಟ. ಕೊಂಡಿ, ಕುಳಿತ ಜನ, ಸಾಮಾನು ಎಲ್ಲವೂ ಇದೇ ಹೊರೆಗೆ ಸೇರುತ್ತವೆ. ಮಿತಿ ಎಷ್ಟೆಂಬುದು ಚಾಲಕನ ಬಾಗಿಲಿನ ಬಳಿ ಅಂಟಿಸಿದ ಚೀಟಿಯಲ್ಲಿರುತ್ತದೆ. ಜಾಹೀರಾತಿನ ಅಂಕಿಯನ್ನಷ್ಟೇ ನಂಬದೆ ಆ ಚೀಟಿ ಓದಿ, ಸಾಮಾನು ತುಂಬಿದ ಗಾಡಿಯನ್ನು ವೇ ಬ್ರಿಜ್‌ನಲ್ಲಿ ತೂಗಿಸಿಯೇ ಹೊರಡಬೇಕು.