ಕಹಳೆಯೂದುವವರಿಗೆ ಕಟ್ಟಿಸಿದ ಹಲ್ಲು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ತೇರು, ಪಲ್ಲಕ್ಕಿ, ಮದುವೆಯ ಮೆರವಣಿಗೆಗಳಿಗೆ ವಾದ್ಯದ ಮೇಳವಿಲ್ಲದೆ ಕಳೆಯೇರುವುದಿಲ್ಲ. ಕೊಂಬು, ಕಹಳೆ, ಬ್ಯಾಂಡಿನ ಟ್ರಂಪೆಟ್ಟುಗಳನ್ನು ಊದುವ ಹಿರಿಯರಿಗೆ ಮುಂಬಲ್ಲು ಬಿದ್ದಿತೆಂದರೆ ಅದು ಮುಖದ ಅಂದದ ಮಾತಷ್ಟೇ ಅಲ್ಲ, ಕಾಯಕದ ಪ್ರಶ್ನೆ.

ಓಲಗದವರ ವಾದ್ಯಕ್ಕೆ ಪೀಪಿಯುಂಟು. ಕಹಳೆಯವರಿಗೆ ತುಟಿಯೇ ಪೀಪಿ. ತುಟಿಗಳು ಕಂಪಿಸಿದಾಗಲೇ ನಾದ ಹುಟ್ಟುತ್ತದೆ. ಲೋಹದ ಬಾಯಿ ಒತ್ತಿದಾಗ ಆ ತುಟಿಗಳಿಗೆ ಹಿಂದಿನಿಂದ ಆಸರೆಯಾಗುವವು ಮುಂಬಲ್ಲುಗಳು. ನಮ್ಮ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಧಿಕ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಅಂಥ ನೀರು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ತೀವ್ರವಾದಲ್ಲಿ ಮೇಲ್ಪದರ ಚಕ್ಕೆಯೇಳುತ್ತದೆ. ಕಲೆ ಮರೆಸಲು ಕವಚ ಹಾಕಿಸಿಕೊಂಡರೆ ಹಲ್ಲಿನ ದಪ್ಪ ಕೂದಲೆಳೆಯಷ್ಟು ಬದಲಾದರೂ ಊದುವವನ ತುಟಿಗೆ ಅದು ತಿಳಿಯುತ್ತದೆ. ಇನ್ನು ಎಲೆಯಡಿಕೆ, ಹೊಗೆಸೊಪ್ಪುಗಳು ಒಸಡಿಗೆ ಮಾಡುವ ಕೇಡನ್ನು ಅಡಿಕೆಯ ನಾಡಿನವರಿಗೆ ಹೇಳಬೇಕಾಗಿಲ್ಲ.

ಪೂರ್ಣ ಹಲ್ಲಿನ ಸೆಟ್ಟಿನ ಕಷ್ಟವೇ ಬೇರೆ. ಮೇಲಿನ ಸೆಟ್ಟು ಅಂಗುಳಿಗೆ ಅಂಟಿರುವುದು ಜೊಲ್ಲಿನ ತೆಳುಪದರದ ಬಲದಿಂದ. ಬಾಯಿಯೊಳಗೆ ಗಾಳಿಯ ಒತ್ತಡವೇರಿದಾಗ ಅದು ಅಂಚಿನಲ್ಲಿ ನುಸುಳುತ್ತದೆ. ಕಹಳೆ ಮುಂದೆ ಒತ್ತುತ್ತದೆ, ಸೆಟ್ಟಿನ ಹಿಂಭಾಗ ಕಳಚುತ್ತದೆ. ಕೆಳಗಿನದಕ್ಕೆ ಅಂಗುಳಿನ ಆಸರೆಯೂ ಇಲ್ಲ. ಹಲ್ಲು ಕಿತ್ತ ಮೇಲೆ ದವಡೆಯ ಮೂಳೆ ವರ್ಷವರ್ಷಕ್ಕೂ ಸವೆಯುವುದರಿಂದ ಚೆನ್ನಾಗಿ ಕೂತಿದ್ದ ಸೆಟ್ಟೂ ಸಡಿಲವಾಗುತ್ತದೆ.

ಹಾಗೆಂದು ವಾದ್ಯವನ್ನು ಅಟ್ಟಕ್ಕೇರಿಸಬೇಕಾಗಿಲ್ಲ. ಹಲ್ಲು ಕೀಳಿಸುವ ಮುನ್ನವೇ ವೈದ್ಯರಿಗೆ ತಾನು ಕಹಳೆಯವನೆಂದು ಹೇಳಬೇಕು. ನಮ್ಮವರು ಹೇಳದಿರುವುದು ಇದನ್ನೇ! ಮೊದಲೇ ಹಲ್ಲಿನ ಅಚ್ಚು ತೆಗೆದಿಟ್ಟರೆ ಹೊಸ ಹಲ್ಲುಗಳನ್ನು ಹಳೆಯವುಗಳ ಓರೆಕೋರೆಯಲ್ಲಿಯೇ ಕೂರಿಸಬಹುದು. ಸಾಲು ನೇರವಾಗಿ ಅಂದವಾಗಿರಲೆಂದು ಮನೆಯವರು ಒತ್ತಾಯಿಸುವುದುಂಟು. ಆದರೆ ತುಟಿ ಹತ್ತಾರು ವರ್ಷ ಒಗ್ಗಿರುವುದು ಆ ಓರೆಗೇ. ಗಟ್ಟಿಯಾದ ಒಂದೆರಡು ಹಲ್ಲಿನ ಬೇರುಗಳನ್ನು ಉಳಿಸಿ ಅವುಗಳ ಮೇಲೆ ಸೆಟ್ಟು ಕೂರಿಸುವ ಕ್ರಮವೂ ಇದೆ.

ಟೈಟಾನಿಯಂ ತಿರುಪನ್ನು ಮೂಳೆಯಲ್ಲಿ ನೆಡುವ ಇಂಪ್ಲಾಂಟ್ ಹೆಚ್ಚು ಭದ್ರ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯರು 1965ರಲ್ಲಿ ಇದನ್ನು ಮೊದಲು ರೋಗಿಯೊಬ್ಬರಿಗೆ ಅಳವಡಿಸಿದರು. ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ 3ರಿಂದ 6 ತಿಂಗಳು ಬೇಕು. ವೆಚ್ಚ ಹೆಚ್ಚು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಬೀಡಿಯ ಚಟವಿದ್ದವರಿಗೆ ಕೈಕೊಡುವ ಸಂಭವವೂ ಉಂಟು.

ಚಿತ್ರದುರ್ಗದ ಎಸ್.ಜೆ.ಎಂ. ದಂತ ವೈದ್ಯಕೀಯ ಕಾಲೇಜು, ದಾವಣಗೆರೆಯ ಬಾಪೂಜಿ ದಂತ ಕಾಲೇಜುಗಳು ನಮಗೆ ದೂರವಲ್ಲ. ಹೋಗುವಾಗ ಕಹಳೆಯನ್ನೇ ಜೊತೆಗೊಯ್ದು ಕುರ್ಚಿಯಲ್ಲಿ ಕುಳಿತು ಊದಿ ತೋರಿಸುವುದು ಉತ್ತಮ. ಹೊಸ ಹಲ್ಲು ಬಂದ ಮೇಲೆ ಮೊದಲ ವಾರಗಳಲ್ಲಿ ದಿನಕ್ಕೆ ನಾಲ್ಕಾರು ನಿಮಿಷ, ತಗ್ಗು ಸ್ವರಗಳನ್ನಷ್ಟೇ ಊದಬೇಕು. ಒಸಡು ಹುಣ್ಣಾದರೆ ನಿಲ್ಲಿಸಿ ವೈದ್ಯರಿಂದ ಸೆಟ್ಟನ್ನು ಉಜ್ಜಿಸಿಕೊಳ್ಳಬೇಕೇ ಹೊರತು ಮನೆಯಲ್ಲಿ ಅರ ಹಿಡಿದು ಕೂರಬಾರದು. ಹಳೆಯ ಸೆಟ್ಟನ್ನೂ ನೀರಿನ ಬಟ್ಟಲಿನಲ್ಲಿ ಜೋಪಾನವಾಗಿಡಿ. ಹೊಸದು ಮುರಿದ ದಿನವೇ ತೇರು ಬಂದೀತು.